ಒಂದು ಲಕ್ಷ ಡಾಲರ್ ಶುಲ್ಕ, ಮುಗಿಯದ ಸರದಿ: ಇಮ್ಯಾನುಯೆಲ್ ಸೆಲ್ಲರ್ ಗೆದ್ದ ಕಾನೂನು, ಸೋತ ಕಾನೂನು

2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಹೊಸದಾಗಿ ಎಚ್-1ಬಿ ವೀಸಾ (ಪರಿಣತ ವಿದೇಶಿ ನೌಕರರಿಗೆ ಕೊಡುವ ತಾತ್ಕಾಲಿಕ ವೀಸಾ) ಮೇಲೆ ಕರೆಸಿಕೊಳ್ಳುವ ಪ್ರತಿ ಉದ್ಯೋಗಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಎಂಬುದು ಅದರ ತಿರುಳು. ಆಗಿನ ದರದಲ್ಲಿ ಇದು ಸುಮಾರು 88 ಲಕ್ಷ ರೂಪಾಯಿ. ಜಾರಿಗೆ ಉಳಿದಿದ್ದದ್ದು ಎರಡೇ ದಿನ. ಮಹಾಲಯ ಅಮಾವಾಸ್ಯೆಗೋ ದಸರೆಗೋ ಊರಿಗೆ ಬಂದಿದ್ದವರು ರಾತ್ರೋರಾತ್ರಿ ವಾಪಸ್ ಟಿಕೆಟ್ ಹುಡುಕಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೇನು ಹೊರಡಲಿದ್ದ ವಿಮಾನದಿಂದ ಕೆಲವರು ಇಳಿದೇ ಹೋದರು. ಶುಲ್ಕ ವರ್ಷವರ್ಷವೂ ಕಟ್ಟಬೇಕಾದದ್ದು ಎಂದು ಮೊದಲು ಒಬ್ಬ ಸಚಿವರು ಹೇಳಿದರು. ಮರುದಿನ ಶ್ವೇತಭವನ, ಒಂದೇ ಸಲ, ಅದೂ ಹೊಸ ಅರ್ಜಿಗಳಿಗೆ ಮಾತ್ರ ಎಂದಿತು.

ಆ ವಾರಾಂತ್ಯದ ಗಾಬರಿ ಇಳಿದರೂ ಗೊಂದಲ ಉಳಿದಿದೆ. ಸಂಸತ್ತನ್ನು ಕೇಳದೆ ಅಧ್ಯಕ್ಷರೊಬ್ಬರೇ ಇಷ್ಟು ದೊಡ್ಡ ಶುಲ್ಕ ಹೇರಬಹುದೇ? ಹತ್ತು ಹನ್ನೆರಡು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದವರಿಗೂ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ, ಏಕೆ ಸಿಗುತ್ತಿಲ್ಲ? ಇವೆರಡೂ ಒಂದೇ ಸರ್ಕಾರದ ಒಂದೇ ಧೋರಣೆಯ ಫಲವೇ?

ಅಲ್ಲ. ಶುಲ್ಕದ ಹಿಂದಿರುವುದು 1952ರ ಒಂದು ಕಾನೂನಿನ ಕಲಮು. ಗ್ರೀನ್ ಕಾರ್ಡ್ ಸರದಿಯ ಹಿಂದಿರುವುದು 1965ರ ಒಂದು ಕಾನೂನಿನ ಕಲಮು. ಮೊದಲನೆಯದನ್ನು ಬಲವಾಗಿ ವಿರೋಧಿಸಿ ಸೋತವರೂ ಎರಡನೆಯದನ್ನು ಬರೆದು ಗೆದ್ದವರೂ ಒಬ್ಬರೇ. ಅವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಿಂದ 1923ರಿಂದ 1973ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಕೂತಿದ್ದ ಇಮ್ಯಾನುಯೆಲ್ ಸೆಲ್ಲರ್. ಇಂದಿನ ಸುದ್ದಿ ಅರ್ಥವಾಗಬೇಕಾದರೆ ಈ ಸಂಸದರ ಐವತ್ತು ವರ್ಷಗಳ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

1923: ಬಾಗಿಲು ಮುಚ್ಚುತ್ತಿದ್ದ ಹೊತ್ತು

ಸೆಲ್ಲರ್ ಹುಟ್ಟಿದ್ದು 1888ರಲ್ಲಿ, ಬ್ರೂಕ್ಲಿನ್‌ನಲ್ಲೇ, ಯಹೂದಿ ಕುಟುಂಬದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲರಾದರು. ಅವರ ಕ್ಷೇತ್ರದಲ್ಲಿ ಯಹೂದಿಗಳು, ಇಟಾಲಿಯನ್ನರು ಸೇರಿದಂತೆ ಒಂದೆರಡು ತಲೆಮಾರಿನ ಹಿಂದಷ್ಟೇ ಹಡಗಿನಿಂದ ಇಳಿದವರೇ ಹೆಚ್ಚು. 1923ರ ಮಾರ್ಚ್‌ನಲ್ಲಿ ಅವರ ಸಂಸದ ಅವಧಿ ಶುರುವಾಯಿತು.

ಅದಕ್ಕೆ ಎರಡು ವಾರ ಮೊದಲು, ಫೆಬ್ರುವರಿ 19ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದ ತೀರ್ಪು ಕೊಟ್ಟಿತ್ತು. ಥಿಂಡ್ ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗಿನ ಪೌರತ್ವ ಕಾನೂನು 'ಬಿಳಿಯ'ರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಅವಕಾಶ ಕೊಡುತ್ತಿತ್ತು. ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಹಿಂದೂಸ್ತಾನದವರು ಬಿಳಿಯರಲ್ಲ, ಆದ್ದರಿಂದ ಅವರು ಪೌರರಾಗಲು ಅನರ್ಹರು ಎಂದು ಕೋರ್ಟ್ ಹೇಳಿತು. 1917ರ ಕಾನೂನು ಭಾರತದಿಂದ ಹೊಸದಾಗಿ ವಲಸೆ ಬರುವುದನ್ನು ಅದಾಗಲೇ ತಡೆದಿತ್ತು. ಈ ತೀರ್ಪು ಅಲ್ಲಿ ನೆಲೆಸಿದ್ದವರ ಕಾಲಡಿಯ ನೆಲವನ್ನೂ ಕಿತ್ತುಕೊಂಡಿತು.

ಅದರ ಪರಿಣಾಮ ಏನೆಂಬುದಕ್ಕೆ ವೈಷ್ಣೋ ದಾಸ್ ಬಗಾಯಿ ಅವರ ಕಥೆ ಸಾಕು. 1915ರಲ್ಲಿ ಹೆಂಡತಿ, ಮೂವರು ಗಂಡುಮಕ್ಕಳೊಂದಿಗೆ ಪೇಶಾವರದಿಂದ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ನಡೆಸುತ್ತಿದ್ದ ಅವರು ಬ್ರಿಟಿಷ್ ಪ್ರಜೆಯಾಗಿರುವುದನ್ನು ತೊರೆದು ಅಮೆರಿಕದ ಪೌರರಾಗಿದ್ದರು. ತೀರ್ಪಿನ ನಂತರ ಆ ಪೌರತ್ವ ರದ್ದಾಯಿತು. ಪೌರರಾಗಲಾರದವರು ಭೂಮಿ ಹೊಂದಬಾರದು ಎಂಬ ಕ್ಯಾಲಿಫೋರ್ನಿಯಾದ ಕಾನೂನು ಅವರ ಆಸ್ತಿಯನ್ನೂ ನುಂಗಿತು. ಭಾರತಕ್ಕೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ, ತಾವೇ ತೊರೆದ ಬ್ರಿಟಿಷ್ ಪಾಸ್‌ಪೋರ್ಟ್ ಪಡೆಯಿರಿ ಎಂಬ ಉತ್ತರ ಬಂತು. 1928ರಲ್ಲಿ ಅವರು ತಮ್ಮ ನೋವನ್ನು ಪತ್ರದಲ್ಲಿ ಬರೆದಿಟ್ಟು ಜೀವ ಕಳೆದುಕೊಂಡರು.

ಈ ನಡುವೆ 1924ರಲ್ಲಿ ಜಾನ್ಸನ್-ರೀಡ್ ಕಾನೂನು ಬಂತು. ಯಾವ ದೇಶದಿಂದ ಎಷ್ಟು ಜನ ಬರಬಹುದು ಎಂಬುದನ್ನು 1890ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿದ್ದ, ಆ ದೇಶದಲ್ಲಿ ಹುಟ್ಟಿದವರ ಸಂಖ್ಯೆಯ ಶೇ 2ಕ್ಕೆ ಅದು ಕಟ್ಟಿಹಾಕಿತು. 1890ನ್ನೇ ಏಕೆ ಆರಿಸಿದರು? ದಕ್ಷಿಣ ಮತ್ತು ಪೂರ್ವ ಯುರೋಪಿನ ಇಟಾಲಿಯನ್ನರು, ಯಹೂದಿಗಳು, ಪೋಲಿಷರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ಜನಗಣತಿಯ ನಂತರ. ಹಳೆಯ ಲೆಕ್ಕ ಹಿಡಿದರೆ ಅವರ ಪಾಲು ತಾನಾಗಿಯೇ ಕುಸಿಯುತ್ತಿತ್ತು. ಇಟಲಿಯ ವಾರ್ಷಿಕ ಕೋಟಾ 42,057ರಿಂದ 3,845ಕ್ಕೆ ಬಿತ್ತು. ಏಷ್ಯಾದ ಬಹುಪಾಲು ಜನರಿಗೆ, ಪೌರರಾಗಲು ಅನರ್ಹರು ಎಂಬ ಕಾರಣಕ್ಕೆ, ಪ್ರವೇಶವೇ ಇಲ್ಲವಾಯಿತು. 1929ರಿಂದ ಜಾರಿಗೆ ಬಂದ ಅಂತಿಮ ಸೂತ್ರದಲ್ಲಿ ಒಟ್ಟು 1,53,714 ಸ್ಥಾನಗಳಲ್ಲಿ 65,721 ಬ್ರಿಟನ್ ಒಂದಕ್ಕೇ ಮೀಸಲು. ಅದರಲ್ಲಿ ದೊಡ್ಡ ಭಾಗ ಬಳಕೆಯಾಗದೆ ಉಳಿಯುತ್ತಿತ್ತು. ಉಳಿದದ್ದನ್ನು ಬೇರೆ ದೇಶದವರಿಗೆ ಕೊಡುವಂತಿರಲಿಲ್ಲ.

ಹೊಸ ಸಂಸದ ಸೆಲ್ಲರ್ ಸದನದಲ್ಲಿ ಎದ್ದು ಈ ಮಸೂದೆಯನ್ನು ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. ಆದರೆ ಮುಂದಿನ ನಲವತ್ತೊಂದು ವರ್ಷ ಅವರು ಬಿಡದೆ ಹಿಡಿದ ಕೆಲಸ ಇದೇ: ಮನುಷ್ಯನನ್ನು ಅವನ ದೇಶದ ಹೆಸರಿನಿಂದ ಅಳೆಯುವ ಈ ಸೂತ್ರವನ್ನು ತೆಗೆದುಹಾಕುವುದು.

ನೂರು ಜನರ ಕೋಟಾ

ಭಾರತೀಯರ ಮಟ್ಟಿಗೆ ಮೊದಲ ಬಿರುಕು ಮೂಡಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಹಿಟ್ಲರನ ಜನಾಂಗವಾದದ ವಿರುದ್ಧ ಹೋರಾಡುತ್ತಾ ತನ್ನ ಮಿತ್ರಪಕ್ಷದ ಜನರನ್ನು ಬಣ್ಣದ ಕಾರಣಕ್ಕೆ ಹೊರಗಿಡುವುದು ಅಮೆರಿಕಕ್ಕೆ ಮುಜುಗರದ ಸಂಗತಿಯಾಗಿತ್ತು. 1943ರಲ್ಲಿ ಚೀನಿಯರ ಮೇಲಿನ ನಿಷೇಧ ತೆರವಾದ ಮೇಲೆ, ಇಂಡಿಯಾ ಲೀಗ್ ಆಫ್ ಅಮೆರಿಕದ ಜೆ.ಜೆ. ಸಿಂಗ್ ಅವರಂಥವರು ವಾಷಿಂಗ್ಟನ್‌ನಲ್ಲಿ ಬಾಗಿಲು ಬಾಗಿಲು ತಟ್ಟಿದರು. ಡೆಮಾಕ್ರಟಿಕ್ ಪಕ್ಷದ ಸೆಲ್ಲರ್ ಮತ್ತು ರಿಪಬ್ಲಿಕನ್ ಪಕ್ಷದ ಕ್ಲೇರ್ ಬೂತ್ ಲೂಸ್ ಕೈಜೋಡಿಸಿದರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಲೂಸ್-ಸೆಲ್ಲರ್ ಕಾನೂನಿಗೆ ಸಹಿ ಹಾಕಿದರು.

ಕೊಟ್ಟದ್ದು ವರ್ಷಕ್ಕೆ ಬರೀ 100 ಜನರ ಕೋಟಾ. ಅದು ಕಣ್ಣೊರೆಸುವ ತಂತ್ರದಂತೆ ಕಂಡರೂ ಕಾನೂನಿನ ನಿಜವಾದ ಬಲ ಇದ್ದದ್ದು ಇನ್ನೊಂದು ಕಲಮಿನಲ್ಲಿ. ಭಾರತೀಯರು ಈಗ ಅಮೆರಿಕದ ಪೌರರಾಗಬಹುದಿತ್ತು. ಥಿಂಡ್ ತೀರ್ಪು ಕಿತ್ತುಕೊಂಡದ್ದನ್ನು ಸಂಸತ್ತು ಹಿಂದಿರುಗಿಸಿತು. ಪೌರರಾದರೆ ಭೂಮಿ ಕೊಳ್ಳಬಹುದು, ಮತ ಹಾಕಬಹುದು, ಚುನಾವಣೆಗೂ ನಿಲ್ಲಬಹುದು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು, 1956ರ ಚುನಾವಣೆಯಲ್ಲಿ ಪ್ರತಿನಿಧಿ ಸಭೆಗೇ ಗೆದ್ದುಬಂದರು. ಅಲ್ಲಿ ಕಾಲಿಟ್ಟ ಮೊದಲ ಭಾರತೀಯ ಮೂಲದ ಸಂಸದ ಅವರು. ಕೋಟಾದ ಅಂಕಿ ನೋಡಿ ಕಾನೂನನ್ನು ಅಳೆಯುವವರು ಇದನ್ನು ಗಮನಿಸಬೇಕು: ಅಮೆರಿಕದಲ್ಲಿ ಪೌರತ್ವದ ಹಕ್ಕಿಲ್ಲದ ಸಮುದಾಯಕ್ಕೆ ಮುಂದಿನ ಕಾನೂನನ್ನು ಕೇಳುವ ದನಿಯೂ ಇರುವುದಿಲ್ಲ.

1952ರ ಸೋಲು, 2025ರ ಶುಲ್ಕ

ಸೆಲ್ಲರ್ 1949ರಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾದರು. ವಲಸೆ ಮಸೂದೆಗಳು ಹಾದುಹೋಗುವುದು ಇದೇ ಸಮಿತಿಯ ಮೂಲಕ. ಹಾಗಿದ್ದೂ 1952ರಲ್ಲಿ ಅವರ ಕಣ್ಣೆದುರೇ ಮೆಕ್ಯಾರನ್-ವಾಲ್ಟರ್ ಕಾನೂನು ಪಾಸಾಯಿತು. ಶೀತಲ ಸಮರದ ದಿನಗಳು, ಕಮ್ಯುನಿಸ್ಟರು ನುಸುಳುತ್ತಾರೆಂಬ ಭಯ ಎಲ್ಲೆಡೆ. ಸಮಿತಿಯ ಒಳಗೇ ವಲಸೆ ಉಪಸಮಿತಿಯನ್ನು ಹಿಡಿದಿದ್ದ ಫ್ರಾನ್ಸಿಸ್ ವಾಲ್ಟರ್ ಈ ಕಾನೂನಿನ ಜನಕರಲ್ಲೊಬ್ಬರು. ಅಧ್ಯಕ್ಷ ಟ್ರೂಮನ್ ವೀಟೊ ಚಲಾಯಿಸಿದರೂ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ತಳ್ಳಿಹಾಕಿದವು.

ಆ ಕಾನೂನು ಜನಾಂಗದ ಆಧಾರದ ಪೌರತ್ವ ನಿಷೇಧವನ್ನು ಪೂರ್ತಿ ತೆಗೆಯಿತು, ಅದರ ಒಳ್ಳೆಯ ಭಾಗ ಅದು. ಆದರೆ ದೇಶವಾರು ಕೋಟಾ ಹಾಗೆಯೇ ಉಳಿಯಿತು. ಏಷ್ಯಾದವರ ಮಟ್ಟಿಗಂತೂ ರಕ್ತದ ಲೆಕ್ಕ ಬಂತು. ಲಂಡನ್ನಿನಲ್ಲಿ ಹುಟ್ಟಿದ ಭಾರತೀಯ ಮೂಲದ ವ್ಯಕ್ತಿ ಬ್ರಿಟನ್ನಿನ 65,000 ಸ್ಥಾನಗಳಿಗೆ ಸೇರುತ್ತಿರಲಿಲ್ಲ, ಭಾರತದ 100ರ ಲೆಕ್ಕಕ್ಕೇ ಸೇರುತ್ತಿದ್ದ.

ಇಂದಿನ ಸುದ್ದಿಯ ಕೀಲಿ ಇರುವುದು ಇದೇ ಕಾನೂನಿನ 212(ಎಫ್) ಕಲಮಿನಲ್ಲಿ. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಧಕ್ಕೆ ತರುತ್ತದೆ ಎಂದು ಅಧ್ಯಕ್ಷರಿಗೆ ಕಂಡುಬಂದರೆ, ತಮಗೆ ಅಗತ್ಯ ಎನಿಸುವಷ್ಟು ಕಾಲ ಅದನ್ನು ತಡೆಯಬಹುದು, ಇಲ್ಲವೇ ನಿರ್ಬಂಧ ಹಾಕಬಹುದು ಎನ್ನುತ್ತದೆ ಅದು. 2017ರಲ್ಲಿ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳವರ ಪ್ರವೇಶ ನಿಷೇಧಿಸಲು ಟ್ರಂಪ್ ಇದನ್ನೇ ಬಳಸಿದರು. 2018ರಲ್ಲಿ ಸುಪ್ರೀಂ ಕೋರ್ಟ್, ಈ ಅಧಿಕಾರ ಬಹಳ ವಿಶಾಲವಾದದ್ದು ಎಂದು ಆ ನಿಷೇಧದ ಕೊನೆಯ ರೂಪವನ್ನು ಎತ್ತಿಹಿಡಿಯಿತು. 2025ರ ಒಂದು ಲಕ್ಷ ಡಾಲರ್ ಘೋಷಣೆ ನಿಂತಿರುವುದೂ ಇದರ ಮೇಲೆಯೇ. ಎಚ್-1ಬಿ ನೌಕರರ ಪ್ರವೇಶವನ್ನು ತಡೆಯಲಾಗಿದೆ, ಹಣ ಕಟ್ಟಿದರೆ ತಡೆ ಇಲ್ಲ ಎಂಬ ರೂಪದಲ್ಲಿ ಅದು ಬರೆಯಲ್ಪಟ್ಟಿದೆ.

ಅಮೆರಿಕದ ವಾಣಿಜ್ಯ ಮಂಡಳಿ ಸೇರಿದಂತೆ ಹಲವರು ಇದರ ವಿರುದ್ಧ ಕೋರ್ಟಿಗೆ ಹೋದರು. ಅವರ ವಾದ ಸರಳ. ಪ್ರವೇಶ ತಡೆಯುವುದು ಒಂದು ಅಧಿಕಾರ, ಹಣ ವಸೂಲಿ ಮಾಡುವುದು ಬೇರೆಯೇ ಅಧಿಕಾರ. ವೀಸಾ ಶುಲ್ಕವನ್ನು ಹೇಗೆ ನಿಗದಿ ಮಾಡಬೇಕೆಂದು ಸಂಸತ್ತು ಕಾನೂನಿನಲ್ಲೇ ಬರೆದಿರುವಾಗ ಅಧ್ಯಕ್ಷರು ಅದನ್ನು ಹತ್ತಾರು ಪಟ್ಟು ಏರಿಸುವಂತಿಲ್ಲ ಎನ್ನುತ್ತಾರೆ ಅವರು. ಪೂರ್ತಿ ತಡೆಯುವ ಅಧಿಕಾರ ಇರುವವರಿಗೆ ಷರತ್ತು ಹಾಕಿ ಬಿಡುವ ಅಧಿಕಾರವೂ ಇದೆ ಎಂಬುದು ಸರ್ಕಾರದ ಉತ್ತರ. ಈ ಜಟಾಪಟಿಯ ಮೂಲ 1952ರಲ್ಲಿ ಸೆಲ್ಲರ್ ತಡೆಯಲಾಗದೆ ಹೋದ ಕಾನೂನಿನಲ್ಲಿದೆ. ಹದಿಮೂರು ವರ್ಷಗಳ ನಂತರ ಅವರು ಅದೇ ಕಾನೂನನ್ನು ತಿದ್ದಿದಾಗಲೂ ಈ ಕಲಮು ಹಾಗೆಯೇ ಉಳಿಯಿತು.

1965: ಗೆದ್ದದ್ದು, ಬಿಟ್ಟುಕೊಟ್ಟದ್ದು

1963ರ ಮೇ ತಿಂಗಳಲ್ಲಿ ವಾಲ್ಟರ್ ತೀರಿಕೊಂಡರು. ಜುಲೈನಲ್ಲಿ ಅಧ್ಯಕ್ಷ ಕೆನಡಿ ದೇಶವಾರು ಕೋಟಾ ರದ್ದುಮಾಡುವ ಪ್ರಸ್ತಾವವನ್ನು ಸಂಸತ್ತಿಗೆ ಕಳಿಸಿದರು. ಕೆನಡಿ ಹತ್ಯೆಯ ನಂತರ ಲಿಂಡನ್ ಜಾನ್ಸನ್ ಅದನ್ನು ಕೈಗೆತ್ತಿಕೊಂಡರು. 1964ರ ಚುನಾವಣೆಯಲ್ಲಿ ಡೆಮಾಕ್ರಟರು ಭರ್ಜರಿಯಾಗಿ ಗೆದ್ದರು. ಅದೇ ವರ್ಷ ನಾಗರಿಕ ಹಕ್ಕುಗಳ ಕಾನೂನನ್ನು ಸೆಲ್ಲರ್ ತಮ್ಮ ಸಮಿತಿಯಿಂದ ದಾಟಿಸಿ ಪಾಸು ಮಾಡಿಸಿದ್ದರು. ಕರಿಯರಿಗೆ ಹೋಟೆಲಿನಲ್ಲಿ, ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದು ಎಂದ ದೇಶ, ವೀಸಾ ಕೌಂಟರಿನಲ್ಲಿ ಮಾತ್ರ ಗ್ರೀಕರಿಗೂ ಭಾರತೀಯರಿಗೂ ಭೇದ ಮಾಡಬಹುದು ಎನ್ನುವುದು ಕಷ್ಟವಾಯಿತು. ಸೆನೆಟ್‌ನಲ್ಲಿ ಮಿಷಿಗನ್‌ನ ಫಿಲಿಪ್ ಹಾರ್ಟ್ ಜೊತೆಗೂಡಿದರು. ಹಾರ್ಟ್-ಸೆಲ್ಲರ್ ಕಾನೂನಿಗೆ 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಸಹಿ ಹಾಕಿದರು.

ಕಾನೂನಿನ 202ನೇ ಕಲಮನ್ನು ಹತ್ತಿರದಿಂದ ಓದಿದರೆ ಇಂದಿನ ಸಮಸ್ಯೆಯ ಬೀಜ ಅಲ್ಲೇ ಸಿಗುತ್ತದೆ. ಜನಾಂಗ, ಲಿಂಗ, ರಾಷ್ಟ್ರೀಯತೆ, ಹುಟ್ಟಿದ ಸ್ಥಳ, ವಾಸಸ್ಥಳದ ಕಾರಣಕ್ಕೆ ವಲಸೆ ವೀಸಾ ನೀಡುವಲ್ಲಿ ಯಾರಿಗೂ ಆದ್ಯತೆ ಕೊಡಕೂಡದು, ಯಾರನ್ನೂ ತಾರತಮ್ಯದಿಂದ ಕಾಣಕೂಡದು ಎನ್ನುತ್ತದೆ ಅದು. ಅದೇ ಕಲಮು ಪೂರ್ವ ಗೋಳಾರ್ಧದ ಯಾವುದೇ ಒಂದು ದೇಶಕ್ಕೆ ವರ್ಷಕ್ಕೆ 20,000ಕ್ಕಿಂತ ಹೆಚ್ಚು ವೀಸಾ ಇಲ್ಲ ಎಂದೂ ಹೇಳುತ್ತದೆ. ಆ ಗೋಳಾರ್ಧದ ಒಟ್ಟು ಮಿತಿ 1,70,000. ತಾರತಮ್ಯ ಬೇಡ ಎಂಬ ತತ್ವವೂ ದೇಶಕ್ಕಿಷ್ಟೇ ಎಂಬ ಮಿತಿಯೂ ಒಂದೇ ಕಲಮಿನಲ್ಲಿ ಅಕ್ಕಪಕ್ಕ ಕೂತವು.

ಆ ಕಾಲಕ್ಕೆ ಅದರಲ್ಲಿ ವಿರೋಧ ಕಾಣಲಿಲ್ಲ. ಬ್ರಿಟನ್ನಿಗೆ 65,000, ಭಾರತಕ್ಕೆ 100 ಎಂಬ ವ್ಯವಸ್ಥೆಯಿಂದ ಹೊರಬರುತ್ತಿದ್ದವರಿಗೆ ಎಲ್ಲರಿಗೂ 20,000 ಎಂಬುದೇ ಸಮಾನತೆಯ ಸ್ಪಷ್ಟ ರೂಪ. ಭಾರತದ ಪಾಲು ಒಂದೇ ಏಟಿಗೆ ಇನ್ನೂರು ಪಟ್ಟಾಯಿತು. ಇಂದು ಈ ಮಿತಿಯನ್ನು ಶಪಿಸುವವರು ಅದು ಹುಟ್ಟಿದ್ದು ಭಾರತೀಯರನ್ನು ತಡೆಯಲಿಕ್ಕಲ್ಲ ಎಂಬುದನ್ನು ತಿಳಿದಿರಬೇಕು.

ಗೆಲುವಿಗೆ ಬೆಲೆಯನ್ನೂ ತೆರಬೇಕಾಯಿತು. ಸರ್ಕಾರದ ಮೂಲ ಮಸೂದೆ ವೀಸಾಗಳಲ್ಲಿ ಅರ್ಧದಷ್ಟನ್ನು ವಿಶೇಷ ಕೌಶಲವುಳ್ಳವರಿಗೆ ಇಟ್ಟಿತ್ತು. ವಾಲ್ಟರ್ ಜಾಗಕ್ಕೆ ಬಂದಿದ್ದ ಒಹಾಯೋದ ಮೈಕೆಲ್ ಫೀಗನ್ ಅದನ್ನು ತಿರುಗಿಸಿಹಾಕಿದರು. ಸಂಬಂಧಿಕರಿಗೆ ಶೇ 74, ಕೆಲಸದ ಆಧಾರದವರಿಗೆ ಶೇ 20, ನಿರಾಶ್ರಿತರಿಗೆ ಶೇ 6 ಎಂದಾಯಿತು. ಇದರ ಹಿಂದಿನ ಲೆಕ್ಕ ಹೀಗೆ: ಅಮೆರಿಕದಲ್ಲಿ ಆಗಲೇ ಇರುವವರು ಬಹುಪಾಲು ಯುರೋಪಿನ ಮೂಲದವರು, ಕರೆಸಿಕೊಳ್ಳುವುದೂ ತಮ್ಮ ಬಂಧುಗಳನ್ನೇ, ಆದ್ದರಿಂದ ಕೋಟಾ ಹೋದರೂ ದೇಶದ ಚಹರೆ ಬದಲಾಗದು. ಪಶ್ಚಿಮ ಗೋಳಾರ್ಧಕ್ಕೆ ಮೊದಲ ಬಾರಿಗೆ 1,20,000ದ ಮಿತಿ ಬಂದದ್ದು ಸೆನೆಟ್‌ನಲ್ಲಿ ನಡೆದ ಇನ್ನೊಂದು ರಾಜಿ.

ಎಲ್ಲರ ಲೆಕ್ಕವೂ ತಪ್ಪಿತು

ಸೆಲ್ಲರ್ ಕೂಡ ಸದನದಲ್ಲಿ ಅದೇ ಲೆಕ್ಕ ಒಪ್ಪಿಸಿದರು. ಏಷ್ಯಾ, ಆಫ್ರಿಕಾದವರಿಗೆ ಇಲ್ಲಿ ಬಂಧುಗಳು ಕಡಿಮೆ, ಹಾಗಾಗಿ ಅಲ್ಲಿಂದ ಬರುವವರೂ ಕಡಿಮೆಯೇ ಎಂದರು. ಅಳುಕುತ್ತಿದ್ದ ಸಂಸದರ ಮತ ಪಡೆಯಲು ಹೇಳಿದರೋ ನಿಜವಾಗಿ ನಂಬಿದ್ದರೋ ಎಂಬ ಚರ್ಚೆ ಇಂದಿಗೂ ಇದೆ. ಎರಡೂ ಸ್ವಲ್ಪ ಸ್ವಲ್ಪ ನಿಜ ಎನ್ನುವುದೇ ಹೆಚ್ಚು ಸಮಂಜಸ. ಆಗಿನ ಅಂಕಿಗಳು ಅವರ ಮಾತನ್ನೇ ಸಮರ್ಥಿಸುತ್ತಿದ್ದವು. 1960ರಲ್ಲಿ ಅಮೆರಿಕದಲ್ಲಿದ್ದ ಭಾರತ ಸಂಜಾತರು ಸುಮಾರು 12,000 ಮಾತ್ರ.

ಲೆಕ್ಕ ತಪ್ಪಿದ್ದು ಎರಡು ಕಡೆ. ಯುದ್ಧಾನಂತರ ಚೇತರಿಸಿಕೊಂಡ ಪಶ್ಚಿಮ ಯುರೋಪಿನವರಿಗೆ ವಲಸೆ ಹೋಗುವ ದರ್ದು ಉಳಿದಿರಲಿಲ್ಲ. ಸ್ವತಂತ್ರ ಭಾರತದಲ್ಲಾದರೋ ಇಂಗ್ಲಿಷಿನಲ್ಲಿ ಓದಿದ ವೈದ್ಯರು, ಎಂಜಿನಿಯರುಗಳು ವರ್ಷವರ್ಷ ಹೊರಬರುತ್ತಿದ್ದರು, ಅವರಿಗೆಲ್ಲ ತಕ್ಕ ಕೆಲಸ ಇರಲಿಲ್ಲ. 1965ರಲ್ಲೇ ಅಮೆರಿಕ ವೃದ್ಧರಿಗೆ ಮೆಡಿಕೇರ್ ಆರೋಗ್ಯ ವಿಮೆ ತಂದದ್ದರಿಂದ ಅಲ್ಲಿನ ಆಸ್ಪತ್ರೆಗಳಿಗೆ ವೈದ್ಯರು ಬೇಕಾದರು. ಕೆಲಸದ ಆಧಾರದ ಆ ಸಣ್ಣ ಪಾಲಿನಲ್ಲಿ ಮೊದಲು ಒಬ್ಬ ವೈದ್ಯ ಬರುತ್ತಾನೆ. ಐದು ವರ್ಷಕ್ಕೆ ಪೌರನಾಗುತ್ತಾನೆ. ಪೌರನ ಹೆಂಡತಿ, ಎಳೆಯ ಮಕ್ಕಳು, ತಂದೆತಾಯಿಗೆ ಮಿತಿಯೇ ಇಲ್ಲ. ಅಣ್ಣತಮ್ಮ, ಅಕ್ಕತಂಗಿಯರಿಗೆ ಬೇರೆ ವರ್ಗವಿದೆ. ಯುರೋಪಿಯನ್ನರಿಗೆಂದು ಫೀಗನ್ ತೆರೆದ ಕುಟುಂಬದ ಬಾಗಿಲಿನಿಂದ ಹೀಗೆ ಏಷ್ಯಾದ ಕುಟುಂಬಗಳು ಬಂದವು. ಅಮೆರಿಕದ ಊರುಗಳಲ್ಲಿ 1970ರ ದಶಕದಿಂದ ಕನ್ನಡ ಕೂಟಗಳು ತಲೆಯೆತ್ತಿದ್ದು ಇದೇ ಕಾನೂನಿನ ನೆರಳಲ್ಲಿ. ಇಂದು ಅಲ್ಲಿ ಭಾರತೀಯ ಮೂಲದವರು 50 ಲಕ್ಷ ಮೀರಿದ್ದಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ 2023ರಿಂದ ಪ್ರತಿನಿಧಿ ಸಭೆಯ ಸದಸ್ಯರು, ಅದೂ ಫಿಲಿಪ್ ಹಾರ್ಟ್ ಪ್ರತಿನಿಧಿಸಿದ್ದ ಮಿಷಿಗನ್‌ನಿಂದ.

ಪೀಠದ ಬಲ ಮತ್ತು ಅದರ ಕುರುಡು

ಸೆಲ್ಲರ್ ಅವರನ್ನು ಪೂರ್ತಿ ಪ್ರಗತಿಪರ ಎಂದು ಹಾಡಿ ಹೊಗಳಿದರೆ ಅದು ಅರ್ಧ ಸತ್ಯ. ಸಮಿತಿಯ ಅಧ್ಯಕ್ಷರಾಗಿ ಯಾವ ಮಸೂದೆ ಮೇಲಕ್ಕೆ ಬರಬೇಕು, ಯಾವುದು ಕಪಾಟಿನಲ್ಲೇ ಇರಬೇಕು ಎಂದು ತೀರ್ಮಾನಿಸುವ ಬಲ ಅವರಿಗಿತ್ತು. ಆ ಬಲದಿಂದಲೇ ನಾಗರಿಕ ಹಕ್ಕು, ಮತದಾನದ ಹಕ್ಕು, 1968ರ ಬಂದೂಕು ನಿಯಂತ್ರಣ ಕಾನೂನುಗಳು ದಾಟಿದವು. ಅದೇ ಬಲದಿಂದ ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಅವರು ವರ್ಷಗಟ್ಟಲೆ ಸಮಿತಿಯಲ್ಲೇ ಕೂಡಿಹಾಕಿದರು. ಕೊನೆಗೆ 1970ರಲ್ಲಿ ಸಂಸದೆ ಮಾರ್ಥಾ ಗ್ರಿಫಿತ್ಸ್ ಸದಸ್ಯರ ಸಹಿ ಸಂಗ್ರಹಿಸಿ ಅದನ್ನು ಸಮಿತಿಯ ಕೈಯಿಂದ ಬಿಡಿಸಿ ಸದನಕ್ಕೆ ತಂದರು. ಇದು ಸೆಲ್ಲರ್ ಅವರ ದೊಡ್ಡ ತಪ್ಪು, ಮತದಾರರೂ ಅದನ್ನು ಮರೆಯಲಿಲ್ಲ. 1972ರ ಪಕ್ಷದ ಒಳಚುನಾವಣೆಯಲ್ಲಿ ಎಲಿಜಬೆತ್ ಹೋಲ್ಟ್ಸ್‌ಮನ್ ಎಂಬ ಯುವ ವಕೀಲೆ ಸುಮಾರು 600 ಮತಗಳ ಅಂತರದಿಂದ ಅವರನ್ನು ಸೋಲಿಸಿದರು. ಮುಂದೆ 1980ರ ನಿರಾಶ್ರಿತರ ಕಾನೂನನ್ನು ರೂಪಿಸಿದವರಲ್ಲಿ ಹೋಲ್ಟ್ಸ್‌ಮನ್ ಒಬ್ಬರು. ಸೆಲ್ಲರ್ 1981ರ ಜನವರಿಯಲ್ಲಿ ತೀರಿಕೊಂಡರು. ಗ್ರೀನ್ ಕಾರ್ಡ್ ಸರದಿ ಬೆಳೆಯುವುದನ್ನು ಅವರು ನೋಡಲಿಲ್ಲ.

ಸಮಾನ ಮಿತಿ ಸರದಿಯಾದ ಬಗೆ

ಸರದಿ ಈಗಿನ ರೂಪ ಪಡೆದದ್ದು 1990ರ ಕಾನೂನಿನಿಂದ. ಕೆಲಸದ ಆಧಾರದ ಗ್ರೀನ್ ಕಾರ್ಡ್‌ಗಳಿಗೆ ಅದು ವರ್ಷಕ್ಕೆ 1,40,000ದ ಮಿತಿ ಹಾಕಿತು. ಸೆಲ್ಲರ್ ಕಾಲದ 20,000ದ ಜಾಗದಲ್ಲಿ ಯಾವುದೇ ದೇಶಕ್ಕೆ ಶೇ 7ರ ಮಿತಿ ಬಂತು. ಎಚ್-1ಬಿ ಎಂಬ ತಾತ್ಕಾಲಿಕ ವೀಸಾ ಹುಟ್ಟಿದ್ದೂ ಅದರಲ್ಲೇ. ಇಂದು ಅದಕ್ಕೆ ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000ದ ಮಿತಿಯಿದೆ, ಆದರೆ ದೇಶವಾರು ಮಿತಿ ಇಲ್ಲ. ಮಂಜೂರಾಗುವ ಎಚ್-1ಬಿಗಳಲ್ಲಿ ಹತ್ತಕ್ಕೆ ಏಳು ಭಾರತೀಯರದ್ದು. ಕೆರೆಗೆ ಬರುವ ನೀರಿಗೆ ತಡೆಯಿಲ್ಲ, ತೂಬು ಮಾತ್ರ ಅಂಗೈಯಗಲ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಹೋದ ಬಹಳಷ್ಟು ಸಾಫ್ಟ್‌ವೇರ್ ಎಂಜಿನಿಯರುಗಳು ಸೇರುವುದು ಇಬಿ-2 ಎಂಬ, ಉನ್ನತ ಪದವಿ ಬೇಡುವ ಕೆಲಸಗಳ ಗ್ರೀನ್ ಕಾರ್ಡ್ ವರ್ಗಕ್ಕೆ. 1,40,000ದಲ್ಲಿ ಅದರ ಪಾಲು ಸುಮಾರು 40,000, ಅದರ ಶೇ 7 ಎಂದರೆ ಸುಮಾರು 2,800. ಅದರಲ್ಲೂ ಹೆಂಡತಿ, ಗಂಡ, ಮಕ್ಕಳು ಸೇರಿಯೇ ಎಣಿಕೆ. ನಾಲ್ಕು ಜನರ ಸಂಸಾರವಾದರೆ ನಾಲ್ಕು ಸ್ಥಾನ ಹೋಯಿತು. ಬೇರೆ ದೇಶದವರು ಬಳಸದೆ ಉಳಿಸಿದ್ದು ಕೆಲವು ವರ್ಷ ಭಾರತೀಯರಿಗೆ ಸಿಗುತ್ತದೆ, ಕೋವಿಡ್ ಹೊತ್ತಿನಲ್ಲಿ ಚೆನ್ನಾಗಿಯೇ ಸಿಕ್ಕಿತ್ತು. ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಯಾರ ಪಾಳಿ ಬಂತೆಂದು ಅಮೆರಿಕ ಸರ್ಕಾರ ತಿಂಗಳು ತಿಂಗಳು ಹೇಳುವ ವೀಸಾ ಬುಲೆಟಿನ್‌ನಲ್ಲಿ, 2025ರ ಕೊನೆಯ ತಿಂಗಳುಗಳಲ್ಲಿ, ಭಾರತದ ಇಬಿ-2 ದಿನಾಂಕ ಇನ್ನೂ 2013ರಲ್ಲೇ ಇತ್ತು. ಅಂದರೆ 2013ರಲ್ಲಿ ಲೇಬರ್ ಸರ್ಟಿಫಿಕೇಷನ್‌ಗೆ (ಗ್ರೀನ್ ಕಾರ್ಡ್ ದಾರಿಯ ಮೊದಲ ಹೆಜ್ಜೆ) ಅರ್ಜಿ ಹಾಕಿ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿನ ದಿನಾಂಕ, ಪಡೆದವರ ಪಾಳಿ ಆಗಷ್ಟೇ ಬಂದಿತ್ತು. ಕುಟುಂಬದವರೂ ಸೇರಿ ಈ ಸರದಿಯಲ್ಲಿರುವ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ.

ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ದೇಶ ಎಂದರೆ ಇಲ್ಲಿ ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ಜಾಗ. ಮೈಸೂರಿನಲ್ಲಿ ಹುಟ್ಟಿ ಕೆನಡಾದ ಪೌರನಾದವನೂ ಭಾರತದ ಸರದಿಯಲ್ಲೇ ನಿಲ್ಲಬೇಕು. ತಂದೆ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿದ ಮಂಗಳೂರಿನ ಹುಡುಗಿ ಒಮಾನ್ ಲೆಕ್ಕಕ್ಕೆ ಸೇರುತ್ತಾಳೆ, ಅವಳನ್ನು ಮದುವೆಯಾದ ಮೈಸೂರಿನವನೂ ಅವಳ ದೇಶದ ಲೆಕ್ಕದಲ್ಲಿ ದಾಟಬಹುದು. ಒಂದೇ ಆಫೀಸು, ಒಂದೇ ಕೆಲಸ, ಒಂದೇ ಸಂಬಳ ಇರುವ ಇಬ್ಬರಲ್ಲಿ ಒಬ್ಬರಿಗೆ ಕೆಲವೇ ವರ್ಷಗಳಲ್ಲಿ ಗ್ರೀನ್ ಕಾರ್ಡ್ ಸಿಕ್ಕಿ, ಇನ್ನೊಬ್ಬರಿಗೆ ಎರಡು ದಶಕಕ್ಕೂ ಸಿಗದಿರುವುದು ಹೀಗೆ. ಹುಟ್ಟಿದ ಸ್ಥಳದ ಕಾರಣಕ್ಕೆ ಭೇದ ಬೇಡ ಎಂದ ಕಾನೂನಿನಲ್ಲೇ ಹುಟ್ಟಿದ ಸ್ಥಳ ಎಲ್ಲವನ್ನೂ ನಿರ್ಧರಿಸುತ್ತಿದೆ. ಅತಿ ಹೆಚ್ಚು ಪೆಟ್ಟು ಬೀಳುವುದು ಮಕ್ಕಳಿಗೆ. ಎರಡು ಮೂರು ವರ್ಷದ ಕೂಸಾಗಿ ಹೋದ ಮಗು ಅಲ್ಲೇ ಓದಿ ಬೆಳೆದು 21 ತುಂಬುವಾಗಲೂ ತಂದೆತಾಯಿಯ ಪಾಳಿ ಬಂದಿರದಿದ್ದರೆ ಅವಲಂಬಿತರ ಪಟ್ಟಿಯಿಂದ ಹೊರಬೀಳುತ್ತದೆ. ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು.

ಯಾರ ವಾದ ಏನು

ಮಿತಿ ತೆಗೆಯಿರಿ ಎನ್ನುವವರು ಸರದಿಯಲ್ಲಿರುವ ಭಾರತೀಯರು ಮತ್ತು ದೊಡ್ಡ ತಂತ್ರಜ್ಞಾನ ಕಂಪನಿಗಳು. ಕೌಶಲ ನೋಡಿ ಕೊಡುವ ವೀಸಾದಲ್ಲಿ ಹುಟ್ಟಿದೂರಿಗೆ ಏನು ಕೆಲಸ ಎಂಬುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಮಿತಿ ಇರಲಿ ಎನ್ನುವವರಲ್ಲಿ ಎಲ್ಲರೂ ವಲಸೆ ವಿರೋಧಿಗಳಲ್ಲ. ಒಟ್ಟು 1,40,000 ಹಾಗೆಯೇ ಇದ್ದು ಶೇ 7 ಮಾತ್ರ ಹೋದರೆ, ಮುಂದೆ ಬಹಳ ವರ್ಷ ಹೆಚ್ಚಿನ ಸ್ಥಾನಗಳು ಭಾರತೀಯರಿಗೇ ಹೋಗಿ ಇತರ ದೇಶಗಳವರು ಕಾಯುತ್ತ ನಿಲ್ಲುತ್ತಾರೆ ಎಂಬ ಅವರ ಆತಂಕ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅಮೆರಿಕದ ಕಾರ್ಮಿಕರ ಪರ ನಿಲ್ಲುವವರು ಎಚ್-1ಬಿಯನ್ನೇ ಪ್ರಶ್ನಿಸುತ್ತಾರೆ. ಗ್ರೀನ್ ಕಾರ್ಡ್‌ಗಾಗಿ ಕಾಯುವವನು ಕೆಲಸ ಬಿಡಲು ಹೆದರುತ್ತಾನೆ, ಹೆದರುವವನಿಗೆ ಕಂಪನಿ ಕಡಿಮೆ ಸಂಬಳ ಕೊಡಬಹುದು, ಅದರಿಂದ ಎಲ್ಲರ ಸಂಬಳವೂ ಇಳಿಯುತ್ತದೆ ಎನ್ನುತ್ತಾರೆ. ಈ ವಾದದ ಮೊದಲರ್ಧವನ್ನು ಸರದಿಯಲ್ಲಿರುವವರೂ ಅಲ್ಲಗಳೆಯಲಾರರು. ಇವರೆಲ್ಲರಿಂದ ದೂರದಲ್ಲಿ, 1965ರ ಕಾನೂನೇ ಪ್ರಮಾದ, ಅಮೆರಿಕದ ಚಹರೆ ಕೆಟ್ಟಿದ್ದು ಅದರಿಂದ ಎನ್ನುವ ಗುಂಪಿದೆ. ಸೆಲ್ಲರ್ ತಮ್ಮ ಮೊದಲ ವರ್ಷಗಳಲ್ಲಿ ಸದನದಲ್ಲಿ ಕೇಳಿದ ಮಾತು ಇದೇ. ನೂರು ವರ್ಷ ಕಳೆದರೂ ಅದರ ಧಾಟಿ ಬದಲಾಗಿಲ್ಲ.

ಮುಂದೇನಾಗಬಹುದು

ಒಂದು ಲಕ್ಷ ಡಾಲರ್ ಶುಲ್ಕ ಬೀಳುವುದು ಮುಖ್ಯವಾಗಿ ಹೊರದೇಶದಿಂದ ನೇರವಾಗಿ ಕರೆಸಿಕೊಳ್ಳುವ ಹೊಸಬರ ಮೇಲೆ. ಅಮೆರಿಕದಲ್ಲೇ ಓದಿ ಅಲ್ಲಿಂದಲೇ ಎಚ್-1ಬಿಗೆ ಬದಲಾಗುವ ವಿದ್ಯಾರ್ಥಿಗಳಿಗೆ ಇದು ಅನ್ವಯಿಸದು ಎಂದು ಅಲ್ಲಿನ ವಲಸೆ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಬೆಂಗಳೂರಿನ ಆಫೀಸಿನಿಂದ ಆನ್‌ಸೈಟ್‌ಗೆ ಕಳಿಸುವ ಹಳೆಯ ದಾರಿ ಕಿರಿದಾಗುತ್ತದೆ. ಸಾಲ ಮಾಡಿ ಎಂ.ಎಸ್.ಗೆ ಹೋಗುವ ದಾರಿಯ ಮೇಲೆ ಒತ್ತಡ ಹೆಚ್ಚುತ್ತದೆ. ಕಂಪನಿಗಳು ಕೆಲಸವನ್ನೇ ಬೆಂಗಳೂರು, ಹೈದರಾಬಾದಿನ ತಮ್ಮ ಕೇಂದ್ರಗಳಿಗೆ ಸಾಗಿಸುವ ಸಾಧ್ಯತೆಯೂ ಬಲವಾಗಿದೆ. ಅದು ಇಲ್ಲಿನವರಿಗೆ ಲಾಭ, ಆದರೆ ಅಮೆರಿಕದಲ್ಲಿ ಶುಲ್ಕದ ಉದ್ದೇಶವೆಂದು ಹೇಳಿದ್ದು ಅದಲ್ಲ.

ಗ್ರೀನ್ ಕಾರ್ಡ್ ಸರದಿಯ ಮೇಲೆ ಮಾತ್ರ ಶುಲ್ಕದ ಪರಿಣಾಮ ಹತ್ತಿರದಲ್ಲಿ ಏನೂ ಇಲ್ಲ. ಸರದಿಯಲ್ಲಿರುವವರು ಆಗಲೇ ಒಳಗಿದ್ದಾರೆ. ಹೊಸಬರು ಕಡಿಮೆಯಾದರೆ ಬಾಲ ಬೆಳೆಯುವುದು ನಿಧಾನವಾದೀತು, ತಲೆಯ ಕಡೆ ವರ್ಷಕ್ಕೆ ದಾಟುವವರ ಸಂಖ್ಯೆ ಹೆಚ್ಚದು. ಅದೇ ಸೆಪ್ಟೆಂಬರ್ 19ರಂದು ಘೋಷಿಸಿದ ಹತ್ತು ಲಕ್ಷ ಡಾಲರ್‌ನ 'ಗೋಲ್ಡ್ ಕಾರ್ಡ್' ಕೂಡ ಇಬಿ-1, ಇಬಿ-2 ವರ್ಗಗಳ ಇದ್ದ ಸ್ಥಾನಗಳಿಂದಲೇ ಬರುತ್ತದೆ. ಹೊಸ ಸ್ಥಾನ ಸೃಷ್ಟಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ, ಅದು ಸಂಸತ್ತಿನದ್ದು.

ಸಂಸತ್ತು ಪ್ರಯತ್ನಿಸಿಲ್ಲವೆಂದಲ್ಲ. ಕೆಲಸದ ಆಧಾರದ ಗ್ರೀನ್ ಕಾರ್ಡ್‌ಗಳಿಗೆ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರ ಬೇರೆಯದೇ ರೂಪವನ್ನು ಒಪ್ಪಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಆ ಸಂಸತ್ತಿನ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಎರಡೂ ಪಕ್ಷಗಳ ಬಹುಮತ ಇದ್ದೂ ಹೀಗಾದದ್ದಕ್ಕೆ ಕಾರಣ, ಆ ಮಸೂದೆ ಇದ್ದಷ್ಟೇ ಸ್ಥಾನಗಳನ್ನು ಬೇರೆ ರೀತಿ ಹಂಚಿ ಒಬ್ಬರ ಕಾಯುವಿಕೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಿತ್ತು. ನೊಂದವರ ಇನ್ನೊಂದು ಗುಂಪು ಅದರಿಂದಲೇ ಹುಟ್ಟಿತು.

ಹೆಂಡತಿ ಮಕ್ಕಳನ್ನು 1,40,000ದ ಲೆಕ್ಕದಿಂದ ಹೊರಗಿಡುವುದು ಇದಕ್ಕಿಂತ ಉತ್ತಮ ದಾರಿ. ಈಗ ಆ ಸ್ಥಾನಗಳಲ್ಲಿ ಅರ್ಧದಷ್ಟು ಹೋಗುವುದು ಅವರಿಗೇ. ಅವರನ್ನು ಹೊರಗಿಟ್ಟರೆ ಇನ್ನೊಂದು ದೇಶದವರ ಪಾಲು ಕಸಿಯದೆ ಸರದಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆದರೆ ಒಟ್ಟು ವಲಸಿಗರ ಸಂಖ್ಯೆ ಏರುತ್ತದೆ, ಇಂದಿನ ವಾಷಿಂಗ್ಟನ್‌ನಲ್ಲಿ ಅದಕ್ಕೆ ಮತ ಸಿಗುವುದು ಕಷ್ಟ. ಮುಂದಿನ ಬಾರಿ ವಲಸೆ ಮಸೂದೆಯ ಸುದ್ದಿ ಬಂದಾಗ ಶೇ 7ರ ಬಗ್ಗೆ ಅದು ಏನು ಹೇಳುತ್ತದೆ ಎಂಬುದರ ಜೊತೆಗೆ, 1990ರಿಂದ ಅಲುಗಾಡದೆ ಕೂತಿರುವ ಆ 1,40,000ವನ್ನು ಮುಟ್ಟುತ್ತದೆಯೇ ಎಂಬುದನ್ನೂ ನೋಡಬೇಕು.